ಪಾರ್ವತೆಮ್ಮ ಇನ್ನೂ ಎದ್ದಿಲ್ಲ

ರಾಯಚೂರಿಗೆ ಮಳೆ ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನದವರೆಗೂ ಡಾಂಬರು ಮೆತ್ತಗಾಗುವಂಥ ಬಿಸಿಲಿತ್ತು. ದೀಪ ಹಚ್ಚುವ ಹೊತ್ತಿಗೆ ಧೋ ಎಂದು ಹಿಡಿದುಕೊಂಡಿತು. ಜಿಲ್ಲಾ ಕಚೇರಿಯ ಎದುರು ಹಾಕಿದ್ದ ಧರಣಿಯ ಟೆಂಟಿನೊಳಗೆ ಮಾನ್ವಿ, ದೇವದುರ್ಗ ಎರಡೂ ತಾಲೂಕುಗಳ ಹೆಂಗಸರು ಗಂಡಸರು ಒತ್ತೊತ್ತಾಗಿ ಕುಳಿತಿದ್ದರು. ಟಾರ್ಪಾಲಿನ ಮೇಲೆ ನೀರು ನಿಂತು ಅದು ಹೊಟ್ಟೆ ಬಿಟ್ಟಾಗಲೆಲ್ಲ ಯಾರಾದರೊಬ್ಬರು ಬಿದಿರುಕೋಲಿನಿಂದ ಎತ್ತಿ ಆಚೆ ಚೆಲ್ಲುತ್ತಿದ್ದರು. ಅವರು ಬಂದದ್ದು ಒಂದೇ ಕಾರಣಕ್ಕೆ: ಕಾಲುವೆಯ ಕಟ್ಟಕಡೆಯ ಹೊಲಕ್ಕೂ ನೀರು ಮುಟ್ಟಬೇಕು.

ಬಂದೋಬಸ್ತಿಗೆ ನಿಂತಿದ್ದ ಪೊಲೀಸನೊಬ್ಬ ಟೆಂಟಿನೊಳಗೆ ತಲೆ ತೂರಿಸಿ, "ನೀರು ಬೇಕು ನೀರು ಬೇಕು ಅಂತಿದ್ರೆಲ್ಲ, ತಗೋರಿ, ಸಾಕೇನು?" ಎಂದು ಚೇಷ್ಟೆ ಮಾಡಿದ.

"ಇದು ದೇವರು ಕೊಟ್ಟಿದ್ದು ಯಪ್ಪಾ. ನಾವು ಕೇಳಾಕತ್ತಿದ್ದು ಸರಕಾರ ಕೊಡಬೇಕಾದದ್ದು. ಎರಡೂ ಕಲಸಬ್ಯಾಡ," ಎಂದಳು ಒಳಗಿನಿಂದ ಕರೆಮ್ಮ. ಟೆಂಟಿಗೆ ಟೆಂಟೇ ನಕ್ಕಿತು. ಪೊಲೀಸನೂ ನಕ್ಕ.

ಕರೆಮ್ಮ ಹಿರೇಕೊಟ್ನೆಕಲ್ಲಿನವಳು. ಎಪ್ಪತ್ತು ದಾಟಿದೆ. ಚಿಕ್ಕಂದಿನಲ್ಲಿ ಕುರಿ ಕಾಯ್ದವಳು, ಆಮೇಲೆ ಹೊಲ ಮಾಡಿದವಳು, ಈಗ ಮಾನ್ವಿ ಕಡೆಯಿಂದ ಯಾವ ಹೋರಾಟಕ್ಕೆ ಟ್ರ್ಯಾಕ್ಟರ್ ಹೊರಟರೂ ಕಂಬಳಿ ಹೊದ್ದು ಮೊದಲು ಹತ್ತಿ ಕೂಡುವವಳು. ಅವಳ ಮಗ್ಗುಲಲ್ಲಿ ಭಾಗ್ಯಜ್ಯೋತಿ ಕುಳಿತಿದ್ದಳು. ದೇವದುರ್ಗ ತಾಲೂಕಿನ ಹಳ್ಳಿಯವಳು, ಮೂವತ್ತರ ಹೆಣ್ಣು. ನಾಳೆ ಮುಂಜಾನೆ ದೊಡ್ಡ ಸಾಹೇಬರ ಜೊತೆ ಮಾತುಕತೆಗೆ ಒಳಗೆ ಹೋಗುವವರಲ್ಲಿ ಅವಳನ್ನೂ ಆರಿಸಿದ್ದರು. ಹೆಮ್ಮೆಯೂ ಇತ್ತು, ಅಳುಕೂ ಇತ್ತು. ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಕುಳಿತವಳು ಕೊನೆಗೆ ತಡೆಯದೆ ಕೇಳಿದಳು: "ಯವ್ವಾ, ಒಳಗ ಹೋದ ಮ್ಯಾಲ ನನ್ನ ಬಾಯಿ ಕಟ್ಟಿಬಿಟ್ರ ಹ್ಯಾಂಗ?"

ಕರೆಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಯಿ ಕಟ್ಟಿದ್ರ ಏನಾತು, ನೀರು ಕುಡದು ಮತ್ತ ಹೇಳೀಯಂತ. ಅದಕ್ಕ ನಾ ಹೆದರಂಗಿಲ್ಲ. ಒಳಗ ಕುರ್ಚಿ ಹಾಕ್ತಾರ, ಚಾ ಕೊಡ್ತಾರ, ಅಕ್ಕಾರ ಅಂತಾರ... ಆಗ ಬಾಯಿ ಸಡಲ ಆಗ್ತದ ನೋಡು, ಅದಕ್ಕ ಹೆದರ್ತೀನಿ. ಬಾ, ಹತ್ತರ ಬಾ. ಎಲ್ಲಾರೂ ಬರ್ರಿ. ಹೆಂಗೂ ಈ ಮಳ್ಯಾಗ ಹೊರಗ ಹೋಗಾಕ ಆಗಂಗಿಲ್ಲ. ಒಂದು ದೆವ್ವದ ಮಾತು ಹೇಳ್ತೀನಿ."

"ದೆವ್ವದ್ದಾ?" ಎಂದರು ಹಿಂದಿನಿಂದ ಯಾರೋ.

"ಹೌದು. ಆದ್ರ ಸುಡುಗಾಡದಾಗಿನ ದೆವ್ವ ಅಲ್ಲ, ಅಮಾಸಿ ಕತ್ತಲದ್ದೂ ಅಲ್ಲ. ಇದು ಮಟಮಟ ಮಧ್ಯಾಹ್ನ ಬರೂ ದೆವ್ವ. ನಾ ಜೋಡಿ ಹಾಡಿ ಆಡಿದ ಗೆಳತಿ ದೆವ್ವ."

ಕರೆಮ್ಮ ಕಂಬಳಿ ಸರಿಮಾಡಿಕೊಂಡು ಶುರು ಮಾಡಿದಳು.

"ಪಾರ್ವತೆಮ್ಮ ಅಂತ ಇದ್ಳು ನಮ್ಮೂರಾಗ. ನಿಮ್ಮಾಗ ಭಾಳ ಮಂದಿ ಆಕಿ ಹೆಸರು ಕೇಳಿರಂಗಿಲ್ಲ. ಪೇಪರ್‌ನ್ಯಾಗ ಆಕಿ ಫೋಟೋ ಯಾವತ್ತೂ ಬರಲಿಲ್ಲ... ಯಾಕಂತೀರಿ? ಫೋಟೋದವರು ಬಂದು ಮುಟ್ಟೂದ್ರಾಗ ಆಕಿ ಮುಂದಿನ ತೂಬಿಗೆ ಹೋಗಿಬಿಟ್ಟಿರತಿದ್ಳು! ಎತ್ತರದ ಆಳು. ಸಣ್ಣಾಕಿದ್ದಾಗ ಬಂಡಿ ಗಾಲಿ ಹಾಯ್ದು ಎಡಗಾಲು ಜರಾ ಎಳೀತಿದ್ಳು. ಗಂಡಸರು ಹೆಗಲ ಮ್ಯಾಲ ಹಾಕ್ಕೋತಾರಲ್ಲ ಹಸರು ಟವಲು, ಅದನ್ನ ಈಕಿ ಸೀರಿ ಮ್ಯಾಲ ಸೊಂಟಕ್ಕ ಬಿಗೀತಿದ್ಳು. ಯಾಕ ಬೇ ಹಂಗ ಅಂದ್ರ, ನನಗ ಎರಡೂ ಕೈ ಖಾಲಿ ಬೇಕು, ಟವಲು ಸರಿಮಾಡ್ಕೋತ ಕೂಡಾಕ ನಾ ಲೀಡರ್ ಅಲ್ಲ ಅಂತಿದ್ಳು.

"ಆಕೀದು ಕಾಲುವಿ ಕಟ್ಟಕಡೀಕಿನ ಹೊಲ. ಆಚಿ ಬರೀ ಜಾಲಿ ಕಂಟಿ. ಆ ವರ್ಷ ಬ್ಯಾಸಿಗಿ ಬೆಳಿಗೆ ನೀರು ಬಿಟ್ಟಿದ್ರು, ಡ್ಯಾಮಿನಾಗ ನೀರೂ ಇತ್ತು, ಆದ್ರ ನಮ್ಮಲ್ಲಿಗೆ ಬರಲಿಲ್ಲ. ಯಾಕ? ಮ್ಯಾಲಿನವರು ಕಾಲುವಿ ಏರಿ ಕೊರದು ಆಳುದ್ದ ಪೈಪು ತೂರಿಸಿ, ಪಂಪ್‌ಸೆಟ್ ಹಚ್ಚಿ, ಹಾಡಹಗಲ ಎಳಕೊಳ್ಳಾಕತ್ತಿದ್ರು. ನಮ್ಮ ನೆಲ್ಲು ತೆನಿ ಹಿಡಿಯೂ ಹೊತ್ತು... ಗದ್ದಿ ಬಿರಕಿನ್ಯಾಗ ಕಾಲು ಹೋಗೂವಂಗ ಆಗಿತ್ತು. ನಮ್ಮ ಗಂಡಸರು ಏನ್ ಮಾಡತಿದ್ರಂತೀರಿ? ಮಾನ್ವಿಗೆ ಹೋಗೂದು, ಅರ್ಜಿ ಕೊಡೂದು, ಹೋಟೆಲ್‌ನ್ಯಾಗ ಒಗ್ಗರಣಿ ಮಿರ್ಚಿ ತಿಂದು ಬರೂದು. ಒಂದಿನ ಪಾರ್ವತೆಮ್ಮ ನಮ್ಮನ್ನೆಲ್ಲ ಕರಕೊಂಡು ಕಾಲುವಿ ಗುಂಟ ಮ್ಯಾಲಕ್ಕ ನಡದಳು ನೋಡ್ರಿ... ಬರೇ ಹೆಂಗಸರು. ಪೈಪು ಕಂಡಲ್ಲಿ ಇಳಿಯೂದು, ಎಳಿಯೂದು. ಆ ಪೈಪು ಏನ್ ಕಡಿಮಿ ಜೋರಾ? ನೀರು ತುಂಬಿದ್ದು ಹೆಬ್ಬಾವಿನಂಗ ಒದ್ದಾಡತಿತ್ತು, ನಾವು ಅದರ ಜೋಡಿ ಒದ್ದಾಡತಿದ್ವಿ! ಬಡಿಗಿ ಹಿಡಕೊಂಡು ಅವರ ಮಂದಿ ಬಂದ್ರು. ಪಾರ್ವತೆಮ್ಮ ಮುಂದ ಹೋಗಿ, ಹೊಡೀರಪ್ಪಾ, ಆದ್ರ ರಾತ್ರಿ ಮನಿಗೆ ಹೋಗಿ ಉಣ್ಣಾಕ ಕುಂತಾಗ ನಿಮ್ಮ ಅವ್ವಗ ಏನಂತ ಹೇಳ್ತೀರಿ, ಅದನ್ನ ಮೊದಲ ಹೇಳಿ ಆಮ್ಯಾಲ ಹೊಡೀರಿ, ಅಂದ್ಳು. ಒಬ್ಬನೂ ಬಡಿಗಿ ಎತ್ತಲಿಲ್ಲ ನೋಡ್ರಿ."

ಟೆಂಟಿನಲ್ಲಿ ಯಾರೋ ಹೆಂಗಸು "ಹ್ಞಾಂ!" ಎಂದು ತೊಡೆ ತಟ್ಟಿಕೊಂಡಳು. ಕರೆಮ್ಮನ ಮುಖದಲ್ಲಿ ಅಂದಿನ ಬಿಸಿಲು ಒಂದು ಗಳಿಗೆ ಹೊಳೆದಂತಾಯಿತು. ಆಮೇಲೆ ದನಿ ಇಳಿಯಿತು.

"ಪೈಪು ಕಿತ್ತಿದ್ದು ಕಿತ್ತಂಗ, ಮರುದಿನ ಮತ್ತ ಹಾಕಿದ್ರು. ಕಡೀಕ ಪಾರ್ವತೆಮ್ಮ ಗೇಟಿನ ಮುಂದ ಒಣ ಕಾಲುವಿಯೊಳಗ ಇಳದು ಕಾಲು ಚಾಚಿ ಕುಂತಳು. ನೀರು ಕೊನೀ ಹೊಲ ಮುಟ್ಟೂ ತನಕ ನಾ ಏಳಂಗಿಲ್ಲ ಅಂದ್ಳು. ಏಳಲಿಲ್ಲ... ಬ್ಯಾಸಿಗಿ ರಾಯಚೂರು ಬಿಸಿಲು ನಿಮಗ ನಾ ಹೇಳಬೇಕೇನು? ಒಂದು ಮಧ್ಯಾಹ್ನ ಆಕಿ ಹಿಂದ ಓಡ್ಯಾಡೂ ಹುಡುಗ ಗುರುಸಿದ್ದ ಮಜ್ಜಿಗಿ ತಗೊಂಡು ಹ್ವಾದ. ಯವ್ವಾ ಅಂದ. ಕಣ್ಣು ತೆರದಿದ್ವು, ಮಾತಿಲ್ಲ. ಕುಂತಂಗ ಹೋಗಿಬಿಟ್ಟಿದ್ಳು. ಆ ಚಾಚಿದ ಕಾಲು ಮಡಚಲಿಲ್ಲ, ಬೆನ್ನು ಬಾಗಲಿಲ್ಲ. ಹಂಗ ಕುಂತಂಗನ, ಆಕಿ ಹೊಲದ ಬದುವಿನ್ಯಾಗ ಮಣ್ಣು ಮಾಡಿದ್ವಿ. ಊರಿಗೆ ಊರ ಬಂದಿತ್ತು, ಪೋತ್ನಾಳದಿಂದ ಟ್ರ್ಯಾಕ್ಟರ್ ತುಂಬಿ ಮಂದಿ ಬಂದಿದ್ರು. ಸರಕಾರದವರಿಗೆ ಅವತ್ತು ಹೆದರಿಕಿ ಆತು. ಮರುದಿನ ಪೊಲೀಸರನ್ನ ನಿಲ್ಲಿಸಿ ನೀರು ಬಿಟ್ರು."

ಆ ನೀರು ಬಂದದ್ದನ್ನು ಕರೆಮ್ಮ ಕೈ ಮಾಡಿ ತೋರಿಸಿದಳು. ಮೊದಲು ಒಣಗಿದ ಎಲೆ, ಕಡ್ಡಿ, ಧೂಳು ಉರುಳಿಸಿಕೊಂಡು ಒಂದು ಬುರುಗಿನ ನಾಲಿಗೆ. ಅದರ ಹಿಂದೆ ಕೆಂಪು ನೀರು. ಅದರ ಜೊತೆಗೆ ಏರಿಯ ಮೇಲೆ ಅಳುತ್ತ ನಗುತ್ತ ನಡೆದು ಬಂದ ಊರು. ಹೊಸ ಮಣ್ಣಿನ ಗುಡ್ಡೆಯ ಬುಡಕ್ಕೆ ನೀರು ಮುಟ್ಟಿದಾಗ ಗುರುಸಿದ್ದ ಕೂಗಿದ ಘೋಷಣೆಗೆ ಆಚೆ ದಂಡೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವಂತೆ.

ಗುರುಸಿದ್ದ ಪಾರ್ವತೆಮ್ಮನ ನೆಂಟನಲ್ಲ. ಅವಳ ಹಿಂದೆ ಘೋಷಣೆ ಕೂಗುತ್ತ ಬೆಳೆದವನು, ಆಗ ಇಪ್ಪತ್ತೈದರ ಕಟ್ಟಾಳು. ಇಲ್ಲಿಂದ ಮುಂದಿನದು ಅವನ ಕತೆ. ಅದನ್ನು ಅವನೇ ತನ್ನ ಬಾಯಿಂದ ಕರೆಮ್ಮನಿಗೆ ಹೇಳಿದ್ದ.

ಪಾರ್ವತೆಮ್ಮ ಹೋದ ಮೇಲೆ ರೈತರ ಸಂಘವನ್ನು ಅವನೇ ಹೆಗಲಿಗೆ ಹಾಕಿಕೊಂಡ. ಊರೂರಿಗೆ ಹೋದ. ಕಾಲುವೆಯ ಗುಂಟ ಒಂದೊಂದು ಹಳ್ಳಿಯಲ್ಲೂ ಸಂಘದ ಹಸಿರು ಬೋರ್ಡು ನಿಂತಿತು. ಅಲ್ಲಿಯವರೆಗೆ ಕೈಕಟ್ಟಿ ಬಾಗಿಲ ಹೊರಗೆ ನಿಲ್ಲುತ್ತಿದ್ದ ಮಂದಿ ಕಚೇರಿಯೊಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂಡುವುದನ್ನು ಕಲಿತರು. ಜಿಲ್ಲಾ ಪಂಚಾಯತಿ ಚುನಾವಣೆಯಲ್ಲಿ ದೊಡ್ಡ ಪಕ್ಷಗಳ ಎದುರು ಗುರುಸಿದ್ದ ನಿಂತ. ಹಳ್ಳಿಹಳ್ಳಿಯವರು ರೊಟ್ಟಿ ಕಟ್ಟಿಕೊಂಡು ಬಂದು ಪ್ರಚಾರ ಮಾಡಿದರು. ಗೆದ್ದ ದಿನ ಮಾನ್ವಿ ಪೇಟೆಯಲ್ಲಿ ಅವನನ್ನು ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಮೆರವಣಿಗೆ ತೆಗೆದಾಗ ಕರೆಮ್ಮ ಬೀದಿಯ ನಡುವೆ ಕುಣಿದಿದ್ದಳು.

"ಖರೇ ಕುಣದೀನಿ. ಸುಳ್ಳ್ಯಾಕ ಹೇಳಲಿ?" ಎಂದಳು.

ಗುರುಸಿದ್ದ ಕೆಟ್ಟವನಾಗಿರಲಿಲ್ಲ, ಆಸೆಬುರುಕನೂ ಅಲ್ಲ. ಆದರೆ ದೊಡ್ಡವರ ಕಣ್ಣು ಅವನ ಮೇಲೆ ಬಿತ್ತು. ಕಾಲುವೆಯ ತಲೆಯಲ್ಲಿ ಜಮೀನಿದ್ದ ಕೆಲವರು ಹೊಸದೊಂದು ಏತ ನೀರಾವರಿ ಮಾಡಿಸಿಕೊಳ್ಳಲು ಹವಣಿಸಿದ್ದರು. ಪೈಪು ಹಾಕಿ ಕದ್ದು ಎಳೆಯುತ್ತಿದ್ದ ನೀರನ್ನು ಇನ್ನು ಮೇಲೆ ಸರಕಾರದ ಯಂತ್ರವೇ ಎತ್ತಿ ಅವರ ಹೊಲಕ್ಕೆ ಸುರಿಯುವಂತೆ. ಅದಕ್ಕೆ ಕೆಳಗಿನ ರೈತರ ತಕರಾರು ಇರಬಾರದಿತ್ತು. ಅವರ ಪರವಾಗಿ ಓಡಾಡುವ ಒಬ್ಬ ಗುತ್ತಿಗೆದಾರ ದೇವದುರ್ಗದ ತನ್ನ ಮನೆಗೆ ಗುರುಸಿದ್ದನನ್ನು ರಾತ್ರಿ ಊಟಕ್ಕೆ ಕರೆದ. ಉಂಡು ಎಲೆ ಅಡಿಕೆ ಹಾಕಿಕೊಳ್ಳುವಾಗ ಮೆಲ್ಲಗೆ ವಿಷಯ ತೆಗೆದ.

"ನೀವು ಏನೂ ಮಾಡಬ್ಯಾಡ್ರಿ. ರಾಯಚೂರಾಗ ಮೀಟಿಂಗ್ ಅದ. ಅಲ್ಲಿ ಎದ್ದು ನಿಂತು, ರೈತರದು ತಕರಾರಿಲ್ಲ ಅನ್ರಿ, ಇಷ್ಟ. ಮುಂದ ಬರೂ ಇಲೆಕ್ಷನ್ನಿಗೆ ಪಕ್ಷದ ಎಮ್ಮೆಲ್ಲೆ ಟಿಕೆಟ್ ನಿಮಗ. ಹಿರ್‍ಯಾರೆಲ್ಲ ಒಪ್ಪ್ಯಾರ. ಎಮ್ಮೆಲ್ಲೆ ಆದ ಮ್ಯಾಲ ನಿಮ್ಮ ಮಂದೀಗೆ ಇದರ ಹತ್ತು ಪಟ್ಟು ನೀರು ನೀವ ತರ್‍ರಿ. ಬ್ಯಾಡ ಅಂದವರ್‍ಯಾರು?"

ಗುರುಸಿದ್ದನಿಗೆ ಆ ಕೊನೆಯ ಮಾತು ಹಿಡಿಸಿತು. ಹೌದಲ್ಲ, ಇವತ್ತು ಸ್ವಲ್ಪ ಬಿಟ್ಟುಕೊಟ್ಟರೆ ನಾಳೆ ಎಲ್ಲವನ್ನೂ ತರಬಹುದು ಎಂದುಕೊಂಡ. "ಆತು ಬಿಡ್ರಿ," ಎಂದ. ಅಷ್ಟೇ. ಮರುದಿನ ಗಾಡಿ ಹತ್ತಿ ಊರಿಗೆ ಬಂದ.

ಮನೆ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು, ಓಣಿಯಲ್ಲಿ ನಾಯಿಯೂ ಇರಲಿಲ್ಲ. ಬಾಗಿಲು ನೂಕಿದವನು ಹೊಸ್ತಿಲಲ್ಲೇ ನಿಂತ. ಪಡಸಾಲೆಯ ನೆಲದ ಮೇಲೆ ಒದ್ದೆ ಹೆಜ್ಜೆಗಳು. ಬೀದಿಯಿಂದ ಒಳಗೆ ಬಂದು ಅವನು ಕೂಡುವ ಕುರ್ಚಿಯವರೆಗೆ ಹೋಗಿದ್ದವು. ಬರೀ ನೀರಲ್ಲ, ಕಾಲುವೆಯ ಕೆಂಪು ರಾಡಿ. ಆಗ ಕಾಲುವೆಗೆ ನೀರು ಬಿಡುವುದು ನಿಂತು ತಿಂಗಳಾಗಿತ್ತು. ಊರಲ್ಲಿ ರಾಡಿ ಎನ್ನುವುದೇ ಇರಲಿಲ್ಲ.

"ಯವ್ವಾ, ಯಾರು ಬಂದಿದ್ರು?" ಎಂದು ತಾಯಿಯನ್ನು ಕೂಗಿದ.

"ಯಾರೂ ಬಂದಿಲ್ಲಲೋ ಯಪ್ಪಾ. ನಾ ಇಲ್ಲೇ ಜ್ವಾಳ ಹಸನ ಮಾಡಾಕತ್ತೀನಿ," ಎನ್ನುತ್ತ ಮುದುಕಿ ಒಳಗಿನಿಂದ ಬಂದಳು. ನೆಲ ನೋಡಿದಳು. ಅವಳ ಕೈಯಲ್ಲಿದ್ದ ಮೊರ ಓರೆಯಾಗಿ ಜೋಳ ಚೆಲ್ಲಿತು.

ಬಲಗಾಲು ಅಚ್ಚೊತ್ತಿದಂತೆ ಸ್ವಚ್ಛವಾಗಿ ಮೂಡಿತ್ತು. ಎಡಗಾಲಿನದು ಹೆಜ್ಜೆಯಲ್ಲ, ಎಳೆದ ಗೆರೆ.

"ಇಲ್ಲೊಂದು ಮಾತು ಕೇಳ್ರಿ," ಎಂದು ಕರೆಮ್ಮ ನಡುವೆ ಬಾಯಿ ಹಾಕಿದಳು. "ಗುರುಸಿದ್ದ ಅದನ್ನ ಒರಸಿದ. ಯಾರಿಗೂ ಹೇಳಬ್ಯಾಡ ಅಂತ ಅವ್ವಗ ಆಣಿ ಹಾಕಿದ. ಆದ್ರ ಒರಸಿದಷ್ಟೂ ರಾಡಿ... ಒರಸಿದಷ್ಟೂ ರಾಡಿ. ಎಲ್ಲಿಂದ ಬರಬೇಕದು?"

ಆಮೇಲೆ ಮಾನ್ವಿಯಲ್ಲಿ ಸಂಘದ ಸಭೆ ಇತ್ತು. ಗುರುಸಿದ್ದ ಮೈಕ್ ಹಿಡಿದು ಎಂದಿನಂತೆ ಶುರು ಮಾಡಿದ. "ನಾ ನಿಮ್ಮ ಮನಿ ಮಗ," ಎಂದ. ಜನ ಚಪ್ಪಾಳೆ ತಟ್ಟುವ ಮುಂಚೆ ಅವನ ಬೆನ್ನ ಹಿಂದೆ, ಕಿವಿಗೆ ತೀರ ಹತ್ತಿರ, ಒಂದು ದನಿ ಸಾವಕಾಶ ಕೇಳಿತು.

"ಹೌದೇನು?"

ತಿರುಗಿ ನೋಡಿದ. ಹಿಂದೆ ಬ್ಯಾನರಿನ ಬಟ್ಟೆ ಬಿಟ್ಟರೆ ಏನಿಲ್ಲ. ಮತ್ತೆ ಮಾತು ಹಿಡಿದ. "ನಿಮ್ಮನ್ನ ನಾ ಎಂದೂ ಕೈಬಿಡಂಗಿಲ್ಲ," ಎಂದ.

"ಹೌದೇನು?"

ಬೈಗುಳವಲ್ಲ, ಸಿಟ್ಟಲ್ಲ. ತಾಯಿ ಮಗುವನ್ನು ಕೇಳುವ ಹಾಗೆ, ಉತ್ತರ ಬೇಕೆಂದೇ ಕೇಳುವ ಹಾಗೆ ಇತ್ತು ಆ ದನಿ. ಗುರುಸಿದ್ದನ ಅಂಗಿ ಬೆವರಿಗೆ ಮೈಗಂಟಿತು. ಅಂದು ಭಾಷಣ ಅರ್ಧಕ್ಕೆ ನಿಂತಿತು. ಬಿಸಿಲಿಗೆ ತಲೆ ಸುತ್ತಿತೆಂದು ಜನ ಸೋಡಾ ಕುಡಿಸಿ ಕಳಿಸಿದರು.

ರಾಯಚೂರಿನ ಸಭೆಯ ದಿನ ಬಂತು. ಕೆಳಭಾಗದ ರೈತರು ಸುದ್ದಿ ತಿಳಿದು ಲಾರಿ, ಟಂಟಂ ಹಿಡಿದು ಬಂದು ಇದೇ ಜಿಲ್ಲಾ ಕಚೇರಿಯ ಕಾಂಪೌಂಡಿನ ಹೊರಗೆ ಸೇರಿದ್ದರು. ಕರೆಮ್ಮನೂ ಇದ್ದಳು. ನಮ್ಮ ಹುಡುಗ ಒಳಗಿದ್ದಾನೆ, ನೋಡಿಕೊಳ್ಳುತ್ತಾನೆ ಎಂಬ ಧೈರ್ಯ ಎಲ್ಲರಿಗೂ. ಒಳಗೆ ದೊಡ್ಡ ಮೇಜು, ಸುತ್ತ ಅಧಿಕಾರಿಗಳು, ಮೇಲ್ಭಾಗದ ಗಣ್ಯರು, ಬಿಸ್ಕೀಟು, ಚಹಾ. ಯೋಜನೆಯ ಬಗ್ಗೆ ಎಂಜಿನಿಯರ್ ಓದಿ ಮುಗಿಸಿದ. "ರೈತರ ಪರವಾಗಿ ಗುರುಸಿದ್ದಪ್ಪನವರು ಮಾತಾಡಬೇಕು," ಎಂದರು.

ಗುರುಸಿದ್ದ ಎದ್ದು ನಿಂತ. ಗುತ್ತಿಗೆದಾರ ಎದುರಿನಿಂದ ಸಣ್ಣಗೆ ನಕ್ಕು ತಲೆಯಾಡಿಸಿದ. ಹೇಳಬೇಕಾದದ್ದು ಒಂದೇ ಮಾತು. ಬಾಯಿ ತೆರೆದವನ ಕಣ್ಣು ಬಾಗಿಲ ಕಡೆ ಹೊರಳಿತು.

ಬಾಗಿಲ ಒಳಮಗ್ಗುಲಲ್ಲಿ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಪಾರ್ವತೆಮ್ಮ ಕುಳಿತಿದ್ದಳು. ಸೊಂಟಕ್ಕೆ ಹಸಿರು ಟವಲು. ಸೀರೆ ಮೊಣಕಾಲಿನವರೆಗೆ ತೊಯ್ದು ತೊಟ್ಟಿಕ್ಕುತ್ತಿತ್ತು. ಮುಖ ಮಾತ್ರ ಒಣಗಿತ್ತು, ಅಂದು ಮಜ್ಜಿಗೆ ಒಯ್ದಾಗ ಹೇಗಿತ್ತೋ ಹಾಗೆ, ತುಟಿ ಬಿರಿದು. ಜವಾನ ಚಹಾದ ತಟ್ಟೆ ಹಿಡಿದು ಅವಳ ಕಾಲಿನ ಮೇಲೆಯೇ ಹಾಯ್ದು ಹೋದ. ಅವನಿಗೆ ಏನೂ ಕಾಣಲಿಲ್ಲ. ಅವಳು ಕಣ್ಣು ಮಿಟುಕಿಸಲಿಲ್ಲ. ಗುರುಸಿದ್ದನನ್ನೇ ನೋಡುತ್ತ, ಒಂದು ಕೈಯಿಂದ ತನ್ನ ಪಕ್ಕದ ನೆಲವನ್ನು ಮೆಲ್ಲಗೆ ತಟ್ಟಿದಳು. ಬಾ, ಕೂಡು ಎನ್ನುವಂತೆ.

ಗುರುಸಿದ್ದನಿಗೆ ಓಡಿಹೋಗಬೇಕೆನ್ನಿಸಿತು. ಆದರೆ ಬಾಗಿಲಲ್ಲೇ ಅವಳಿದ್ದಳು. ಆ ಮಾತು ಹೇಳಿ ಮುಗಿಸಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡ. ಅವಳು ತಡೆಯಲಿಲ್ಲ, ಬೆದರಿಸಲಿಲ್ಲ, ಬಾಯಿ ಕಟ್ಟಲಿಲ್ಲ. ಹೇಳುವುದಾದರೆ ಅವನು ಹೇಳಬಹುದಾಗಿತ್ತು. ಅವನಿಗೆ ಆಗ ಹೊಳೆದದ್ದು ಅದೇ. ಈಕೆ ನನ್ನನ್ನು ಹೆದರಿಸಲು ಬಂದವಳಲ್ಲ, ಹೋದವಳೇ ಅಲ್ಲ. ಅಂದು ಕುಳಿತವಳು ಇನ್ನೂ ಎದ್ದಿಲ್ಲ. ಎದ್ದು ಹೋದವನು ನಾನು.

"ರೈತರದು ತಕರಾರು ಅದ," ಎಂದ ಗುರುಸಿದ್ದ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿತು. "ಕೊನೀ ಹೊಲಕ್ಕ ನೀರು ಮುಟ್ಟೂ ತನಕ ಮ್ಯಾಲ ಒಂದು ಕೊಡ ನೀರೂ ಎತ್ತಾಕ ಬಿಡಂಗಿಲ್ಲ. ಬರಕೋರಿ."

ಗುತ್ತಿಗೆದಾರನ ನಗೆ ಹಾಗೇ ಮುಖದ ಮೇಲೆ ಉಳಿಯಿತು. ಗುರುಸಿದ್ದ ಮೇಜು ಸುತ್ತಿಕೊಂಡು ಬಂದ, ಚಪ್ಪಲಿ ಬಿಟ್ಟ, ಬಾಗಿಲ ಪಕ್ಕ ಅವಳು ತಟ್ಟಿದ ಜಾಗದಲ್ಲಿ ಕಾಲು ಚಾಚಿ ಕುಳಿತುಬಿಟ್ಟ. ಅಧಿಕಾರಿಗಳು ಗಡಬಡಿಸಿ ಎದ್ದರು. ಸುದ್ದಿ ಹೊರಗೆ ಹೋಯಿತು. ಗೇಟು ತಳ್ಳಿಕೊಂಡು ಜನ ಒಳಗೆ ಬಂದರು, ವರಾಂಡ ತುಂಬಿತು, ಮೆಟ್ಟಿಲು ತುಂಬಿತು. ಸೂರ್ಯ ಮುಳುಗುವ ಮುಂಚೆ, ಯೋಜನೆ ಕೈಬಿಟ್ಟಿದ್ದೇವೆ ಎಂದು ದೊಡ್ಡ ಸಾಹೇಬರು ಮೈಕಿನಲ್ಲಿ ಹೇಳಬೇಕಾಯಿತು.

"ಆಗ ನಾ ಹೋಗಿ ಗುರುಸಿದ್ದನ ಕೈ ಹಿಡದು ಎಬ್ಬಿಸಿದೆ," ಎಂದಳು ಕರೆಮ್ಮ, ತನ್ನ ಅಂಗೈ ನೋಡಿಕೊಳ್ಳುತ್ತ. "ಸೊಂಟದಿಂದ ಕೆಳಗ ಅವನ ಧೋತರ ತೊಯ್ದು ತಪ್ಪಡಿ ಆಗಿತ್ತು. ಮಳಿ ಇಲ್ಲ, ನಳ ಇಲ್ಲ... ಹಿಂಡಿದ್ರ ಕೆಂಪು ರಾಡಿ. ಈ ಕೈಯಿಂದ ಹಿಂಡೀನಿ. ಸುಳ್ಳಂತೀರೇನು?"

ಮಳೆ ಸ್ವಲ್ಪ ಇಳಿದಿತ್ತು. ದೂರದಲ್ಲಿ ಸ್ಟೇಷನ್ನಿಗೆ ಬರುವ ರೈಲಿನ ಸದ್ದು ಕೇಳಿ ನಿಂತಿತು.

"ಟಿಕೆಟ್ ಸಿಗ್ತೇನು ಅವಗ?" ಎಂದು ದೇವದುರ್ಗದ ಕಡೆಯ ಒಬ್ಬ ಕೇಳಿದ.

"ಯಾವ ಟಿಕೆಟ್? ಮುಂದಿನ ಜಿಲ್ಲಾ ಪಂಚಾಯತಿನೂ ಸೋತ. ಸೋಲಿಸಿದ್ರು. ಮತ್ತ ಹೊಲ ಮಾಡಿದ, ಸಂಘ ಮಾಡಿದ. ಪ್ಯಾಟ್ಯಾಗ ಅವ ಹೊಂಟ್ರ ಹೋಟೆಲ್‌ನವರು ಎದ್ದು ನಿಂತು ಬರ್ರಿ ಅಣ್ಣಾರ ಅಂತಿದ್ರು, ಅಂಥಾ ಮರ್ಯಾದಿ ಯಾವ ಎಮ್ಮೆಲ್ಲೆಗೆ ಅದ ಹೇಳ್ರಿ? ಈ ಟೆಂಟಿನಾಗ ಕುಂತ ನಮ್ಮ ಮಾನ್ವಿ ಕಡಿ ಅರ್ಧ ಮಂದಿಗೆ ಘೋಷಣೆ ಕೂಗೂದು ಕಲಿಸಿದಾಂವ ಅವನ."

ಭಾಗ್ಯಜ್ಯೋತಿಯ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. "ಯವ್ವಾ, ಗುರುಸಿದ್ದಣ್ಣ ಈಗ ಎಲ್ಲಿ ಅದಾನ?" ಎಂದಳು.

"ಹ್ವಾದ ವರ್ಷ ತೀರಿಕೊಂಡ ಯವ್ವಾ."

ಕರೆಮ್ಮ ರಸ್ತೆಯಾಚೆ, ಮಳೆಯೊಳಗೆ ಮಂಕಾಗಿ ಕಾಣುತ್ತಿದ್ದ ಕಚೇರಿಯ ಕಿಟಕಿಗಳ ಕಡೆ ಗದ್ದ ಎತ್ತಿ ತೋರಿಸಿದಳು.

"ಇವತ್ತ ಮುಂಜಾನೆ ಮನವಿ ಕೊಡಾಕ ನಾನೂ ಒಳಗ ಹೋಗಿದ್ನೆಲ್ಲ... ಅದ ಕೋಣಿ, ಅದ ಬಾಗಲು. ನನ್ನ ಕಣ್ಣು ಮಂಜು ಖರೆ, ಆದ್ರ ಅಷ್ಟೂ ಮಂಜಲ್ಲ. ಮೊದಲ ಒಬ್ಬಾಕಿ ಇದ್ಳು, ಈಗ ಇಬ್ಬರು ಅದಾರ. ನಾಳೆ ನೀ ಧೈರ್ಯಲೆ ಹೋಗು, ಎದಿ ಎತ್ತಿ ಮಾತಾಡು. ಅವರು ಏನೂ ಮಾಡಂಗಿಲ್ಲ, ಏನೂ ಅನ್ನಂಗಿಲ್ಲ... ನಡುವ ಇನ್ನೊಬ್ಬರು ಕೂಡೂವಷ್ಟು ಜಾಗ ಬಿಟ್ಟು ಕುಂತಾರ, ಅಷ್ಟ."